ಅರಿವಳಿಕೆಯೂ ಅರಿವಿನ ಚಿತ್ರವೂ



ಕನ್ನಡದ ವೈದ್ಯಕೀಯ ಪರಿಭಾಷೆಯಲ್ಲಿ ‘ಅರಿವಳಿಕೆ’ ಎಂಬ ಪದವು ಬಹು ಸಾರ್ಥಕವಾದುದು. ಅರಿವು ಅಳಿಯುವುದೇ ಅರಿವಳಿಕೆ. ಅರಿವಿಗೆ ಗುರುವಿನ ಸ್ಥಾನವನ್ನಿತ್ತ ಪರಂಪರೆ ನಮ್ಮದು. ಆದರೂ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವನ ಅರಿವು ಕೆಲಕಾಲ ಅಳಿಯುವುದನ್ನು ನಾವಾರೂ ಆಕ್ಷೇಪಿಸುವುದಿಲ್ಲ. ನೋವನ್ನು ತಪ್ಪಿಸುವ ದಯೆಯ ಕಾರ್ಯವದು. ಆದರೆ ಅರಿವಿನ ನೆಲೆಯಾದ ಮಿದುಳು ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನೇ ನೋಡಲು ಹೊರಟಾಗ, ನೋಡುವುದಕ್ಕೆ ಮೊದಲು ಆ ಅರಿವನ್ನು ಮಂಕುಗೊಳಿಸಬೇಕಾಗಿ ಬಂದರೆ ಏನಾಗುತ್ತದೆ? ಚಿಕ್ಕ ಮಕ್ಕಳ ವಿಷಯದಲ್ಲಿ ಈ ಸಂದಿಗ್ಧವು ದೊಡ್ಡ ಆಸ್ಪತ್ರೆಗಳಲ್ಲಿ ಮೇಲಿಂದ ಮೇಲೆ ಎದುರಾಗುತ್ತದೆ. ಈ ತಿಂಗಳು ಅದನ್ನು ಕುರಿತು ವಿಚಾರಿಸೋಣ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಆ ಮನೆಯಲ್ಲಿ ಐದು ವರ್ಷದ ಮಗು. ಎರಡನೆಯ ವಯಸ್ಸಿನಿಂದಲೂ ಅದಕ್ಕೆ ಮೂರ್ಛೆರೋಗ. ಎರಡು ಮೂರು ಬಗೆಯ ಔಷಧಗಳನ್ನು ಕೊಟ್ಟರೂ ಸೆಳವು ನಿಂತಿಲ್ಲ. ಸೆಳವು ಹುಟ್ಟುವ ಮಿದುಳಿನ ಚಿಕ್ಕ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದೇ ಎಂಬ ವಿಚಾರವನ್ನು ವೈದ್ಯರು ಎತ್ತಿದ್ದಾರೆ. ಆ ಭಾಗದ ನೆರೆಯಲ್ಲಿಯೇ ಮಾತಿನ ಕೇಂದ್ರವಿದ್ದರೆ ಶಸ್ತ್ರ ತಾಗಿ ಮಗುವಿನ ನುಡಿಗೇ ಕುಂದು ಬರಬಹುದು. ಆದಕಾರಣ ಮೊದಲು ಮಿದುಳಿನ ಕಾರ್ಯವನ್ನು ತೋರಿಸುವ ಚಿತ್ರ ಬೇಕು. ಮಗು ಯಂತ್ರದಲ್ಲಿ ಅಲುಗಾಡದೆ ಮಲಗಲಾರದು, ಮಂಪರು ಬರಿಸುವ ಔಷಧ ಕೊಡಬೇಕಾದೀತು ಎನ್ನುತ್ತಾರೆ. ಆಗ ಮನೆಯ ಅಜ್ಜಿ ಕೇಳುತ್ತಾಳೆ: “ಮಗುವನ್ನು ಮಲಗಿಸಿಬಿಟ್ಟ ಮೇಲೆ ಅದರ ಮಿದುಳು ಕೆಲಸ ಮಾಡುವುದು ಹೇಗೆ ಕಂಡೀತಪ್ಪ?” ಓದುಬರಹ ಬಾರದ ಅಜ್ಜಿಯ ಈ ಪ್ರಶ್ನೆಯನ್ನೇ ಜಗತ್ತಿನ ತಜ್ಞರೂ ಹಲವು ವರ್ಷಗಳಿಂದ ಕೇಳಿಕೊಳ್ಳುತ್ತ ಬಂದಿದ್ದಾರೆ.

ಆಕಾರದ ಚಿತ್ರ, ಕಾರ್ಯದ ಚಿತ್ರ

ಎಂ.ಆರ್.ಐ. ಎಂಬ ಯಂತ್ರವು ಇಂದು ಜಿಲ್ಲಾ ಕೇಂದ್ರಗಳಲ್ಲಿಯೂ ಪರಿಚಿತವಾಗಿದೆ. ಕ್ಷ-ಕಿರಣವನ್ನು ಬಳಸದೆ, ಪ್ರಬಲವಾದ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳ ಸಹಾಯದಿಂದ ದೇಹದ ಒಳಭಾಗವನ್ನು ಅದು ಚಿತ್ರಿಸುತ್ತದೆ. ಇದೇ ಯಂತ್ರದಿಂದ ಎರಡು ಬಗೆಯ ಚಿತ್ರಗಳನ್ನು ತೆಗೆಯಬಹುದೆಂಬುದನ್ನು ನಾವು ಮೊದಲು ತಿಳಿಯಬೇಕು. ಒಂದು, ಮಿದುಳಿನ ಆಕಾರದ ಚಿತ್ರ. ಗಡ್ಡೆ ಇದೆಯೇ, ನೀರು ತುಂಬಿದೆಯೇ, ಹುಟ್ಟಿನಿಂದ ಬಂದ ದೋಷವಿದೆಯೇ, ಪೆಟ್ಟು ಬಿದ್ದ ಗುರುತಿದೆಯೇ ಎಂಬುದನ್ನು ಅದು ತೋರಿಸುತ್ತದೆ. ಇನ್ನೊಂದು, ಕಾರ್ಯದ ಚಿತ್ರ. ಕೈಬೆರಳನ್ನು ಮಡಿಸಿದಾಗ ಯಾವ ಭಾಗ ಚುರುಕಾಯಿತು, ಕಥೆಯನ್ನು ಕೇಳಿದಾಗ ಯಾವ ಭಾಗ ಎಚ್ಚೆತ್ತಿತು ಎಂಬುದನ್ನು ಇದು ಸೂಚಿಸುತ್ತದೆ. ಇದಕ್ಕೆ ಎಫ್.ಎಂ.ಆರ್.ಐ. ಎಂದು ಹೆಸರು.

ಆಕಾರದ ಚಿತ್ರಕ್ಕೆ ಮಗು ಎಚ್ಚರವಾಗಿದ್ದರೇನು, ಮಲಗಿದ್ದರೇನು! ಮನೆಯವರೆಲ್ಲ ನಿದ್ರಿಸುತ್ತಿರುವಾಗ ಮನೆಯ ಗೋಡೆ ಬಾಗಿಲುಗಳನ್ನು ಅಳತೆ ಮಾಡಿದರೆ ಅಳತೆ ತಪ್ಪಾಗುವುದಿಲ್ಲ. ಆದರೆ ಆ ಮನೆಯಲ್ಲಿ ಯಾರು ಯಾವ ಕಾಯಕ ಮಾಡುತ್ತಾರೆ ಎಂಬುದನ್ನು ತಿಳಿಯಲು ನಡುರಾತ್ರಿಯಲ್ಲಿ ಹೋಗಿ ಇಣುಕಿದರೆ ಏನು ತಿಳಿದೀತು? ಮಂಪರು ಔಷಧವು ಆಕಾರದ ಚಿತ್ರಕ್ಕೆ ಸಹಾಯಕ. ಕಾರ್ಯದ ಚಿತ್ರಕ್ಕಾದರೋ ಅದು ಸಹಾಯವನ್ನೂ ಮಾಡುತ್ತದೆ, ತೊಡಕನ್ನೂ ತರುತ್ತದೆ. ಇಡೀ ವಿಷಯದ ತಿರುಳು ಇದೇ.

ನೀರನ್ನು ನೋಡಿ ಪೈರನ್ನು ಊಹಿಸುವುದು

ಎಫ್.ಎಂ.ಆರ್.ಐ. ಯಂತ್ರವು ಮನುಷ್ಯನ ಆಲೋಚನೆಗಳನ್ನು ನೇರವಾಗಿ ನೋಡುತ್ತದೆಂದು ಹಲವರು ಭಾವಿಸುತ್ತಾರೆ. ಅದು ನಿಜವಲ್ಲ. ಅದು ನೋಡುವುದು ನರಕೋಶಗಳ ಕೆಲಸವನ್ನಲ್ಲ, ಆ ಕೆಲಸಕ್ಕಾಗಿ ಹರಿದುಬರುವ ರಕ್ತವನ್ನು. ವಯಸ್ಕನ ಮಿದುಳು ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರ ಇದ್ದರೂ ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20ರಷ್ಟನ್ನು ತಾನೇ ತೆಗೆದುಕೊಳ್ಳುತ್ತದೆ. ಮಿದುಳಿನ ಒಂದು ಭಾಗ ಕೆಲಸಕ್ಕೆ ತೊಡಗಿದೊಡನೆ ಆ ಭಾಗಕ್ಕೆ ರಕ್ತದ ಹರಿವು ಹೆಚ್ಚುತ್ತದೆ. ಅಗತ್ಯಕ್ಕಿಂತಲೂ ಅಧಿಕವಾಗಿಯೇ ಬರುತ್ತದೆ. ಅದರ ಫಲವಾಗಿ ಅಲ್ಲಿ ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ನಿನ ಪ್ರಮಾಣ ಏರುತ್ತದೆ. ಆಮ್ಲಜನಕವನ್ನು ಕಳೆದುಕೊಂಡ ಹಿಮೋಗ್ಲೋಬಿನ್ನಿಗೆ ಅಯಸ್ಕಾಂತದ ಮುಂದೆ ಬೇರೆಯೇ ಗುಣವಿದೆ ಎಂಬುದನ್ನು ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲಿಯೇ ತೋರಿಸಿದ್ದರು. ಆ ಗುಣವನ್ನು ಮಿದುಳಿನ ಚಿತ್ರಣಕ್ಕೆ ಬಳಸಬಹುದೆಂದು ಸೇಜಿ ಒಗಾವಾ 1990ರಲ್ಲಿ ಪ್ರಾಣಿಗಳಲ್ಲಿ ತೋರಿಸಿಕೊಟ್ಟರು. 1992ರ ವೇಳೆಗೆ ಮನುಷ್ಯರ ಮೇಲಿನ ಮೊದಲ ಚಿತ್ರಗಳು ಪ್ರಕಟವಾದವು.

ನಮ್ಮ ರೈತ ಬಂಧುಗಳಿಗೆ ಇದನ್ನು ಬೇರೊಂದು ರೀತಿಯಲ್ಲಿ ಹೇಳಬಹುದು. ಎತ್ತರದ ಗುಡ್ಡದ ಮೇಲೆ ನಿಂತವನಿಗೆ ಹೊಲದ ಪೈರು ಕಾಣುವುದಿಲ್ಲ. ಕಾಲುವೆಯ ನೀರು ಮಾತ್ರ ಬಿಸಿಲಿಗೆ ಹೊಳೆಯುವುದು ಕಾಣುತ್ತದೆ. ಯಾವ ಹೊಲದತ್ತ ನೀರು ಹರಿಯಿತೋ ಅಲ್ಲಿ ಬೇಸಾಯ ನಡೆದಿದೆ ಎಂದು ಅವನು ಊಹಿಸುತ್ತಾನೆ. ಎಫ್.ಎಂ.ಆರ್.ಐ. ಚಿತ್ರವೂ ಅಂಥ ಊಹೆಯೇ. ಊಹೆಗೆ ಆಧಾರವಾದ ಬದಲಾವಣೆಯಾದರೂ ಬಹಳ ಅಲ್ಪವಾದುದು. ಸಾಮಾನ್ಯವಾಗಿ ಶೇಕಡಾ 1ರಿಂದ 5ರಷ್ಟು ಮಾತ್ರ. ಇಷ್ಟು ಸೂಕ್ಷ್ಮವಾದ ಬದಲಾವಣೆಯನ್ನು ಹಿಡಿಯಬೇಕಾದರೆ ತಲೆ ಅಲುಗಬಾರದು.

ಅಲುಗಿದರೂ ತೊಡಕು

ಮಕ್ಕಳಾದರೋ ಅಲುಗುವುದಕ್ಕೆಂದೇ ಹುಟ್ಟಿದವರು. ಕಿರಿದಾದ ಸುರಂಗದಂತಹ ಯಂತ್ರ, ನೂರು ಡೆಸಿಬೆಲ್‌ಗೂ ಮಿಗಿಲಾದ ಬಡಿತದ ಸದ್ದು, ಎದುರಿಗೆ ಅಮ್ಮನ ಮುಖವಿಲ್ಲ. ಎರಡು ಮೂರು ವರ್ಷದ ಮಗು ಅಲ್ಲಿ ಅರ್ಧ ಗಂಟೆ ಮಿಸುಕದೆ ಮಲಗಲಿ ಎಂದರೆ ಅದು ಆಗುವ ಮಾತಲ್ಲ.

ತಲೆಯ ಅಲುಗಾಟವು ಚಿತ್ರವನ್ನು ಮಸುಕು ಮಾಡಿದರೆ ಅಷ್ಟೊಂದು ಚಿಂತೆಯಿಲ್ಲ. ಮಸುಕು ಕಣ್ಣಿಗೆ ಕಾಣುತ್ತದೆ, ಮತ್ತೆ ತೆಗೆಯಬಹುದು. ಕಣ್ಣಿಗೆ ಕಾಣದ ಅಲುಗಾಟವು ಹೆಚ್ಚು ಅಪಾಯಕಾರಿ. 2012ರಲ್ಲಿ ಹಲವು ಸಂಶೋಧಕರ ತಂಡಗಳು ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ವರದಿ ಮಾಡಿದವು. ಒಂದು ಮಿಲಿಮೀಟರಿಗೂ ಕಡಿಮೆಯಾದ ಅಲುಗಾಟವು ಮಿದುಳಿನ ದೂರದ ಭಾಗಗಳ ನಡುವಣ ಸಂಬಂಧವು ಕ್ಷೀಣವಾಗಿರುವಂತೆಯೂ, ಹತ್ತಿರದ ಭಾಗಗಳ ಸಂಬಂಧವು ಬಲವಾಗಿರುವಂತೆಯೂ ಸುಳ್ಳು ತೋರಿಕೆಯನ್ನು ಉಂಟುಮಾಡುತ್ತದೆ ಎಂಬುದೇ ಆ ಸಂಗತಿ. ದೊಡ್ಡವರಿಗಿಂತ ಮಕ್ಕಳು ಹೆಚ್ಚು ಅಲುಗುತ್ತಾರಷ್ಟೆ. ಆದುದರಿಂದ ಮಕ್ಕಳ ಮಿದುಳಿನ ಬೆಳವಣಿಗೆಯ ಬಗ್ಗೆ ಅದುವರೆಗೆ ಬರೆದಿದ್ದ ಕೆಲವು ನಿರ್ಣಯಗಳನ್ನೇ ಮರುಪರಿಶೀಲಿಸಬೇಕಾಯಿತು. ಹೀಗಿರುವಾಗ ಮಗುವಿಗೆ ಔಷಧ ಕೊಟ್ಟು ಮಲಗಿಸುವುದೇ ಸುಲಭೋಪಾಯವೆಂದು ತೋರುವುದು ಸಹಜ.

ಮಲಗಿಸಿದರೂ ತೊಡಕು

ಮಂಪರು ಬರಿಸುವ ಔಷಧಗಳು ಹಲವು. ಕ್ಲೋರಲ್ ಹೈಡ್ರೇಟ್ ಎಂಬುದು ಬಹು ಹಳೆಯದು. 1832ರಲ್ಲಿ ತಯಾರಾಗಿ 1869ರಿಂದ ನಿದ್ರೆಯ ಔಷಧವಾಗಿ ಬಳಕೆಗೆ ಬಂದಿತು. ಅದರ ಸಮೀಪ ಬಂಧುವಾದ ಟ್ರೈಕ್ಲೋಫಾಸ್ ಎಂಬ ಸಿಹಿ ದ್ರಾವಣವು ನಮ್ಮ ದೇಶದ ಮಕ್ಕಳ ಆಸ್ಪತ್ರೆಗಳಲ್ಲಿ ಪರಿಚಿತವಾದುದು. ಮಿಡಜೋಲಾಮ್, ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್, ಮೂಸಿದೊಡನೆ ನಿದ್ರೆ ಬರಿಸುವ ಸೆವೊಫ್ಲೂರೇನ್, ಕೆಟಮಿನ್, ಡೆಕ್ಸ್‌ಮೆಡಿಟೊಮಿಡಿನ್ ಇವು ಬೇರೆ ಕೆಲವು. ಇವೆಲ್ಲವೂ ಮಗುವನ್ನು ಮಲಗಿಸುತ್ತವೆಯಾದರೂ ಮಲಗಿಸುವ ಬಗೆ ಒಂದೇ ಅಲ್ಲ. ಕಾರ್ಯದ ಚಿತ್ರದ ಮೇಲೆ ಇವು ಮೂರು ದಾರಿಗಳಿಂದ ಪರಿಣಾಮವನ್ನುಂಟುಮಾಡುತ್ತವೆ.

ಮೊದಲನೆಯದು, ನರಕೋಶಗಳ ಮೇಲೆ. ಮಿಡಜೋಲಾಮ್, ಪ್ರೊಪೊಫಾಲ್ ಮುಂತಾದವು ಮಿದುಳಿನಲ್ಲಿ ಸಹಜವಾಗಿಯೇ ಇರುವ ‘ಗಾಬಾ’ ಎಂಬ ಶಾಂತಗೊಳಿಸುವ ರಾಸಾಯನಿಕದ ಶಕ್ತಿಯನ್ನು ಹೆಚ್ಚಿಸುತ್ತವೆ. ಆಗ ನರಕೋಶಗಳು ಕರೆಗೆ ಓಗೊಡುವುದೇ ಕಡಿಮೆಯಾಗುತ್ತದೆ. ಕಾಲುವೆಯ ಹೋಲಿಕೆಯಲ್ಲಿ ಹೇಳುವುದಾದರೆ, ರೈತನೇ ನಿದ್ರಿಸುತ್ತಿದ್ದಾನೆ. ಅವನು ನೀರನ್ನು ಕೇಳುವುದೇ ಇಲ್ಲ.

ಎರಡನೆಯದು, ರಕ್ತನಾಳಗಳ ಮೇಲೆ. ಸೆವೊಫ್ಲೂರೇನಿನಂತಹ ಔಷಧವು ಪ್ರಮಾಣ ಹೆಚ್ಚಾದಾಗ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಪ್ರೊಪೊಫಾಲ್ ಮಿದುಳಿನ ರಕ್ತದ ಹರಿವನ್ನು ತಗ್ಗಿಸುತ್ತದೆ. ಮಂಪರಿನಲ್ಲಿ ಉಸಿರಾಟವು ಮಂದವಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಅದರಿಂದಲೂ ನಾಳಗಳು ಹಿಗ್ಗುತ್ತವೆ. ಕಾಲುವೆಯ ತೂಬುಗಳೆಲ್ಲ ಮೊದಲೇ ತೆರೆದುಕೊಂಡಿದ್ದರೆ ಯಾವ ಹೊಲದವನು ನೀರನ್ನು ಕೇಳಿದನು ಎಂಬುದು ಗುಡ್ಡದ ಮೇಲೆ ನಿಂತವನಿಗೆ ತಿಳಿಯುವುದು ಹೇಗೆ? ಇಲ್ಲಿ ನರಕೋಶವು ಕೆಲಸ ಮಾಡಿದ್ದರೂ ಚಿತ್ರದಲ್ಲಿ ಅದು ಕಾಣದೆ ಹೋಗಬಹುದು.

ಮೂರನೆಯದು, ಪರಸ್ಪರ ಸಂಬಂಧಗಳ ಮೇಲೆ. ಮಿದುಳಿನ ಭಾಗಗಳು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ತಮ್ಮೊಳಗೆ ಸದಾ ಸಂವಾದ ನಡೆಸುತ್ತವೆ. ಏನನ್ನೂ ಮಾಡದೆ ಸುಮ್ಮನೆ ಮಲಗಿದ್ದಾಗಲೂ ಈ ಸಂವಾದ ನಿಲ್ಲುವುದಿಲ್ಲ ಎಂಬುದನ್ನು ಭರತ್ ಬಿಸ್ವಾಲ್ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ಎಫ್.ಎಂ.ಆರ್.ಐ. ಮೂಲಕ ತೋರಿಸಿದರು. ಲಘುವಾದ ಮಂಪರಿನಲ್ಲಿ ಈ ಸಂವಾದದ ಬಹುಭಾಗ ಉಳಿಯುತ್ತದೆ. ಮಂಪರು ಆಳವಾದಂತೆ ಮಿದುಳಿನ ಮುಂಭಾಗಕ್ಕೂ ಹಿಂಭಾಗಕ್ಕೂ ಇರುವ ದೂರದ ಸಂಬಂಧಗಳು ಸಡಿಲಗೊಳ್ಳುತ್ತವೆ. ಅರಿವಿಗೆ ಆಧಾರವಾಗಿರುವುದು ಬಹುಮಟ್ಟಿಗೆ ಈ ದೂರದ ಸಂಬಂಧಗಳೇ ಎಂಬುದು ಇಲ್ಲಿ ಗಮನಾರ್ಹ.

ಪ್ರಯೋಗಗಳು ಹೇಳಿದ್ದೇನು?

ಕೆಲವು ಪ್ರಯೋಗಗಳನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 1990ರ ದಶಕದ ಉತ್ತರಾರ್ಧದಲ್ಲಿ ಜಪಾನ್ ಮತ್ತು ಡೆನ್ಮಾರ್ಕ್ ದೇಶಗಳ ಸಂಶೋಧಕರು ನಿದ್ರೆಯಲ್ಲಿ ಅಥವಾ ಮಂಪರಿನಲ್ಲಿದ್ದ ಶಿಶುಗಳ ಮುಚ್ಚಿದ ಕಣ್ಣಿಗೆ ಬೆಳಕನ್ನು ಹಾಯಿಸಿ ಚಿತ್ರ ತೆಗೆದರು. ಎಚ್ಚರವಾಗಿರುವ ವಯಸ್ಕನಲ್ಲಿ ಬೆಳಕು ಬಿದ್ದೊಡನೆ ದೃಷ್ಟಿಯ ಕೇಂದ್ರದಲ್ಲಿ ಸಂಕೇತವು ಏರುತ್ತದೆ. ಆದರೆ ಸುಮಾರು ಎಂಟು ವಾರಗಳನ್ನು ದಾಟಿದ ಶಿಶುಗಳಲ್ಲಿ ಅದು ಏರುವ ಬದಲು ಇಳಿಯಿತು! ಬೆಳೆಯುವ ಮಿದುಳು ಆಮ್ಲಜನಕವನ್ನು ಬೇಗನೆ ಬಳಸಿಬಿಡುವುದರಿಂದ ಹೀಗಾಯಿತೆಂದು ಕೆಲವರೆಂದರು. ನಿದ್ರೆ ಮತ್ತು ಮಂಪರಿನಿಂದಲೇ ಹೀಗಾಯಿತೆಂದು ಮತ್ತೆ ಕೆಲವರೆಂದರು. ಗಾಢನಿದ್ರೆಯಲ್ಲಿರುವ ವಯಸ್ಕರಲ್ಲಿಯೂ ಇಂಥದೇ ಇಳಿತವು ಆಮೇಲೆ ಕಂಡುಬಂದಿತು. ಇದರ ಅರಿವಿಲ್ಲದವನೊಬ್ಬನು ಆ ಚಿತ್ರವನ್ನು ನೋಡಿದ್ದರೆ ಮಗುವಿನ ದೃಷ್ಟಿಯ ಕೇಂದ್ರವೇ ಕೆಲಸ ಮಾಡುತ್ತಿಲ್ಲವೆಂದು ತೀರ್ಮಾನಿಸುತ್ತಿದ್ದನಲ್ಲವೆ?

2002ರಲ್ಲಿ ಫ್ರಾನ್ಸಿನ ಗಿಸ್ಲೇನ್ ದೆಹಾನ್-ಲಾಂಬೆರ್ಟ್ಸ್ ಮತ್ತು ಅವರ ಸಂಗಡಿಗರು ಎರಡು ಮೂರು ತಿಂಗಳ ಶಿಶುಗಳಿಗೆ ಯಾವ ಔಷಧವನ್ನೂ ಕೊಡದೆ ಯಂತ್ರದಲ್ಲಿ ಮಾತನ್ನು ಕೇಳಿಸಿದರು. ಅದೇ ಮಾತನ್ನು ತಿರುವುಮುರುವಾಗಿಯೂ ಕೇಳಿಸಿದರು. ಮಾತನಾಡಲು ಇನ್ನೂ ಬಹುಕಾಲವಿರುವ ಆ ಶಿಶುಗಳಲ್ಲಿಯೂ ಮಿದುಳಿನ ಎಡಭಾಗದ ನುಡಿಯ ಪ್ರದೇಶಗಳು ಆಗಲೇ ಓಗೊಟ್ಟವು. ವಿಶೇಷವೆಂದರೆ ಕೆಲವು ಶಿಶುಗಳು ಎಚ್ಚರವಾಗಿದ್ದವು, ಕೆಲವು ನಿದ್ರಿಸಿದ್ದವು. ನೇರವಾದ ಮಾತಿಗೆ ಮಿದುಳಿನ ಮುಂಭಾಗದ ಬಲಬದಿಯ ಒಂದು ಪ್ರದೇಶವು ಓಗೊಟ್ಟಿದ್ದು ಎಚ್ಚರವಾಗಿದ್ದ ಶಿಶುಗಳಲ್ಲಿ ಮಾತ್ರ. ಸಹಜ ನಿದ್ರೆಯೇ ಇಷ್ಟು ವ್ಯತ್ಯಾಸವನ್ನು ತರುವುದಾದರೆ ಔಷಧದ ನಿದ್ರೆಯ ಮಾತೇನು?

ಅದಕ್ಕೆ ಉತ್ತರವನ್ನು 2007ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಕೊಟ್ಟರು. ಆರೋಗ್ಯವಂತ ವಯಸ್ಕರಿಗೆ ಪ್ರೊಪೊಫಾಲ್ ಕೊಟ್ಟು, ಎರಡರ್ಥದ ಪದಗಳುಳ್ಳ ವಾಕ್ಯಗಳನ್ನು ಕೇಳಿಸಿದರು. ನಮ್ಮ ಕನ್ನಡದಲ್ಲಿ ‘ಅರಸು’ ಎಂದರೆ ರಾಜನೂ ಹೌದು, ಹುಡುಕು ಎಂಬುದೂ ಹೌದು; ಯಾವ ಅರ್ಥವೆಂಬುದನ್ನು ಮನಸ್ಸು ಆಯ್ದುಕೊಳ್ಳಬೇಕು. ಮಂಪರಿನಲ್ಲಿಯೂ ಧ್ವನಿಯನ್ನು ಮಾತೆಂದು ಗುರುತಿಸುವ ಭಾಗವು ಕೆಲಸ ಮಾಡುತ್ತಲೇ ಇತ್ತು. ಆದರೆ ಅರ್ಥವನ್ನು ಆಯ್ದುಕೊಳ್ಳುವ ಕೆಲಸದ ಗುರುತು ಅಳಿಸಿಹೋಗಿತ್ತು. ಕಿವಿ ಕೇಳುತ್ತಿತ್ತು, ಅರಿವು ಗ್ರಹಿಸುತ್ತಿರಲಿಲ್ಲ.

ಕಂಡದ್ದು ಮತ್ತು ಕಾಣದ್ದು

ಹಾಗಾದರೆ ಮಂಪರಿನಲ್ಲಿ ತೆಗೆದ ಕಾರ್ಯದ ಚಿತ್ರವು ನಿಷ್ಪ್ರಯೋಜಕವೇ? ಖಂಡಿತವಾಗಿಯೂ ಅಲ್ಲ. ಮಂಪರಿನಲ್ಲಿರುವ ಮಗುವಿನ ಕೈಯನ್ನು ಬೇರೆಯವರು ಮೆಲ್ಲನೆ ಮಡಿಸಿ ಬಿಡಿಸಿದರೆ, ಕೈಯ ಚಲನೆ ಮತ್ತು ಸ್ಪರ್ಶಕ್ಕೆ ಸಂಬಂಧಿಸಿದ ಭಾಗವನ್ನು ಹಲವು ಮಕ್ಕಳಲ್ಲಿ ಗುರುತಿಸಬಹುದು. ಗಡ್ಡೆಯನ್ನು ತೆಗೆಯುವ ಶಸ್ತ್ರವೈದ್ಯನಿಗೆ ಇದು ಅಮೂಲ್ಯವಾದ ಮಾಹಿತಿ. ಸುಮ್ಮನೆ ಮಲಗಿದಾಗಿನ ಸಂವಾದವನ್ನು ಅಳೆಯುವ ವಿಧಾನವೂ ಮಂಪರಿನಲ್ಲಿರುವ ಮಕ್ಕಳಿಗೆ ಕೆಲವೆಡೆ ಉಪಯೋಗವಾಗುತ್ತಿದೆ.

ಆದರೆ ಇಂಥ ಚಿತ್ರವನ್ನು ಓದುವಲ್ಲಿ ಒಂದು ವಿವೇಕವನ್ನು ಬಿಡಲಾಗದು. ಕಂಡದ್ದಕ್ಕೆ ಬೆಲೆಯಿದೆ, ಕಾಣದ್ದು ಇಲ್ಲವೆಂದು ಹೇಳಬಾರದು. ಮಂಪರಿನಲ್ಲಿ ನುಡಿಯ ಕೇಂದ್ರವು ಎಡಬದಿಯಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಅದಿಲ್ಲವೆಂದು ಭಾವಿಸಿ ಶಸ್ತ್ರವನ್ನಿಡುವಂತಿಲ್ಲ. ಅನುಭವಿ ತಂಡಗಳು ಇ.ಇ.ಜಿ., ಮನೋವೈಜ್ಞಾನಿಕ ಪರೀಕ್ಷೆ, ಅಗತ್ಯಬಿದ್ದಲ್ಲಿ ಮಿದುಳಿನ ಮೇಲೆಯೇ ವಿದ್ಯುದಗ್ರಗಳನ್ನಿರಿಸಿ ಮಾಡುವ ಪರೀಕ್ಷೆ ಇವುಗಳ ಜೊತೆಗೆ ತಾಳೆ ನೋಡಿಯೇ ಮುಂದುವರಿಯುತ್ತವೆ. ಅಪಘಾತಕ್ಕೀಡಾಗಿ ತೀವ್ರನಿಗಾ ಘಟಕದಲ್ಲಿ ಔಷಧದ ನಿದ್ರೆಯಲ್ಲಿರುವ ಮಗುವಿನ ವಿಷಯದಲ್ಲಿಯಂತೂ ಈ ವಿವೇಕವು ಇನ್ನೂ ಅವಶ್ಯ. ಅಂಥ ಚಿತ್ರದಲ್ಲಿ ‘ಪ್ರತಿಕ್ರಿಯೆ ಇಲ್ಲ’ ಎಂದು ಬರೆದಿದ್ದರೆ ಅದು ಪೆಟ್ಟಿನ ಫಲವೋ ಔಷಧದ ಫಲವೋ ಎಂಬುದನ್ನು ಕೇಳದೆ ಯಾವ ತಂದೆಯೂ ಆಸೆಯನ್ನು ತೊರೆಯಬೇಕಾಗಿಲ್ಲ.

ಸಂಶೋಧನೆಯಲ್ಲಿಯೂ ಇದರಿಂದ ಒಂದು ಅನ್ಯಾಯ ಸಂಭವಿಸುತ್ತದೆ. ಆರೋಗ್ಯವಂತ ಮಗುವಿಗೆ ಬರಿಯ ಸಂಶೋಧನೆಗಾಗಿ ಔಷಧ ಕೊಟ್ಟು ಮಲಗಿಸುವುದನ್ನು ನೀತಿಸಂಹಿತೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೀಗಾಗಿ ತೀವ್ರವಾದ ಆಟಿಸಂ ಅಥವಾ ಬುದ್ಧಿಮಾಂದ್ಯವಿರುವ ಮಕ್ಕಳನ್ನು ಮಂಪರಿನಲ್ಲಿಯೂ, ಹೋಲಿಕೆಗೆ ತೆಗೆದುಕೊಂಡ ಮಕ್ಕಳನ್ನು ಎಚ್ಚರದಲ್ಲಿಯೂ ಚಿತ್ರಿಸಿದರೆ ಕಾಣುವ ವ್ಯತ್ಯಾಸವು ಕಾಯಿಲೆಯದೋ ಔಷಧದ್ದೋ ಎಂದು ಹೇಳುವವರಿಲ್ಲ. ಅಲುಗದೆ ಮಲಗಬಲ್ಲ ಮಕ್ಕಳನ್ನು ಮಾತ್ರ ಆರಿಸಿಕೊಂಡರೆ, ಯಾರಿಗೆ ಹೆಚ್ಚು ನೆರವು ಬೇಕೋ ಆ ಮಕ್ಕಳೇ ಲೆಕ್ಕದಿಂದ ಹೊರಗುಳಿಯುತ್ತಾರೆ. ಆದ್ದರಿಂದಲೇ 2012ರಲ್ಲಿ ಅಮೆರಿಕದ ಸಂಶೋಧಕರು ಎಳೆಯ ಮಕ್ಕಳನ್ನೆಲ್ಲ, ಆಟಿಸಂ ಇದ್ದವರನ್ನೂ ಇಲ್ಲದವರನ್ನೂ, ರಾತ್ರಿಯ ಸಹಜ ನಿದ್ರೆಯಲ್ಲಿ ಒಂದೇ ಸ್ಥಿತಿಯಲ್ಲಿರಿಸಿ ಮಾತನ್ನು ಕೇಳಿಸಿ ಹೋಲಿಸಿದರು. ಈ ಸಂದರ್ಭದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಮಗುವಿಗೆ ಆಟಿಸಂ ಇದೆಯೋ ಇಲ್ಲವೋ ಎಂಬುದನ್ನು ನುರಿತ ವೈದ್ಯರು ಅದರ ವರ್ತನೆ, ನುಡಿ, ಬೆಳವಣಿಗೆಗಳನ್ನು ಗಮನಿಸಿ ತೀರ್ಮಾನಿಸುತ್ತಾರೆ, ಎಫ್.ಎಂ.ಆರ್.ಐ. ಚಿತ್ರದಿಂದಲ್ಲ. ಅದಕ್ಕಾಗಿ ಯಾರಾದರೂ ದುಬಾರಿ ಚಿತ್ರವನ್ನು ಮಾಡಿಸಿಕೊಳ್ಳಿರೆಂದರೆ ಎರಡನೆಯ ವೈದ್ಯರ ಅಭಿಪ್ರಾಯವನ್ನು ಕೇಳುವುದು ಲೇಸು.

ಔಷಧವಿಲ್ಲದೆ ಮಲಗಿಸುವ ಬಗೆ

ಔಷಧವನ್ನು ತಪ್ಪಿಸುವ ದಾರಿಗಳೂ ಬೆಳೆದಿವೆ. ನವಜಾತ ಶಿಶುವಿಗೆ ಹೊಟ್ಟೆ ತುಂಬ ಹಾಲೂಡಿಸಿ, ಬೆಚ್ಚಗೆ ಬಟ್ಟೆಯಲ್ಲಿ ಸುತ್ತಿ, ಕಿವಿಗೆ ರಕ್ಷೆ ಹಾಕಿದರೆ ಅದು ತಾನಾಗಿಯೇ ನಿದ್ರಿಸುತ್ತದೆ. ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ! ಲಂಡನ್ನಿನಲ್ಲಿ ನಡೆದ ದೊಡ್ಡದೊಂದು ಯೋಜನೆಯಲ್ಲಿ ನೂರಾರು ನವಜಾತ ಶಿಶುಗಳ ಮಿದುಳನ್ನು ಹೀಗೆ ಔಷಧವಿಲ್ಲದ ಸಹಜ ನಿದ್ರೆಯಲ್ಲಿಯೇ ಚಿತ್ರಿಸಲಾಯಿತು.

ಐದಾರು ವರ್ಷ ದಾಟಿದ ಅನೇಕ ಮಕ್ಕಳನ್ನು ತಯಾರಿಯಿಂದ ಎಚ್ಚರದಲ್ಲಿಯೇ ಮಲಗಿಸಬಹುದು. ಕೆಲವು ಆಸ್ಪತ್ರೆಗಳಲ್ಲಿ ಅಯಸ್ಕಾಂತವಿಲ್ಲದ ನಕಲಿ ಯಂತ್ರವನ್ನಿಟ್ಟು ಅಭ್ಯಾಸ ಮಾಡಿಸುತ್ತಾರೆ. ಯಂತ್ರದೊಳಗೆ ಚಲನಚಿತ್ರವನ್ನು ತೋರಿಸಿದರೆ ಮಕ್ಕಳ ತಲೆಯ ಅಲುಗಾಟವು ಕಡಿಮೆಯಾಗುತ್ತದೆ. ಶಿಶುವು ತಾಯಿಯ ಮಡಿಲಲ್ಲಿಯೇ ಕುಳಿತಿರುವಾಗ ತಲೆಗೆ ಟೋಪಿಯಂತಹ ಸಾಧನವನ್ನು ತೊಡಿಸಿ, ಅವಗೆಂಪು ಬೆಳಕಿನಿಂದ ಮಿದುಳಿನ ಮೇಲ್ಪದರದ ರಕ್ತವನ್ನು ಅಳೆಯುವ ಬೇರೊಂದು ವಿಧಾನವೂ ಸಂಶೋಧನೆಯಲ್ಲಿ ಬಳಕೆಯಲ್ಲಿದೆ. ಅದು ಮಿದುಳಿನ ಆಳವನ್ನು ಮುಟ್ಟಲಾರದಾದರೂ ಸದ್ದಿಲ್ಲದುದು, ಮಂಪರು ಬೇಡದುದು.

ಮನೆಯಲ್ಲಿಯೂ ಅಭ್ಯಾಸ ಮಾಡಿಸಬಹುದು. ಮೇಜಿನ ಕೆಳಗೆ ಹಾಸಿಗೆ ಹಾಸಿ, ಯಂತ್ರದ ಸದ್ದನ್ನು ಮೊಬೈಲಿನಲ್ಲಿ ಕೇಳಿಸಿ, ‘ಕಲ್ಲಿನ ಬೊಂಬೆ’ಯ ಆಟವಾಡಿಸಿ. ಮೊದಲ ದಿನ ಎರಡು ನಿಮಿಷ, ಆಮೇಲೆ ಐದು, ಆಮೇಲೆ ಹತ್ತು. ಅಜ್ಜನ ಪಕ್ಕದಲ್ಲಿ ಕುಳಿತು, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ರೆಪ್ಪೆಯಲುಗಿಸದೆ ನೋಡುವುದನ್ನು ಕಂಡು ಬೆಳೆದ ಮಗುವಿಗೆ ನಿಶ್ಚಲತೆಯು ಅಪರಿಚಿತವೇನಲ್ಲ.

ತಂದೆತಾಯಿಯರ ಗಮನಕ್ಕೆ

ಮಂಪರು ಔಷಧಕ್ಕೆ ಹೆದರಿ ಅಗತ್ಯವಾದ ಚಿತ್ರವನ್ನೇ ಬೇಡವೆನ್ನುವುದು ಇನ್ನೊಂದು ಬಗೆಯ ತಪ್ಪು. ಮಿದುಳಿನಲ್ಲಿ ಗಡ್ಡೆಯ ಶಂಕೆಯಿರುವಾಗ ಹಿಂಜರಿಯುವುದು ಔಷಧಕ್ಕಿಂತ ಹೆಚ್ಚು ಅಪಾಯಕಾರಿ. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮೂರು ಗಂಟೆಗಿಂತ ದೀರ್ಘವಾಗಿ ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಡುವುದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2016ರ ಡಿಸೆಂಬರಿನಲ್ಲಿ ಎಚ್ಚರಿಕೆ ನೀಡಿದ್ದುಂಟು. ಆದರೆ ಏಳು ದೇಶಗಳ 722 ಶಿಶುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೈಶವದಲ್ಲಿ ಒಂದು ಗಂಟೆಗಿಂತ ಕಡಿಮೆ ಕಾಲ ಒಂದು ಬಾರಿ ಅರಿವಳಿಕೆ ಪಡೆದವರಿಗೂ, ಸೊಂಟದ ಕೆಳಗೆ ಮರಗಟ್ಟಿಸುವ ಚುಚ್ಚುಮದ್ದನ್ನು ಮಾತ್ರ ಪಡೆದವರಿಗೂ ಐದನೆಯ ವಯಸ್ಸಿನ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ವೃಥಾ ಭಯವೂ ಬೇಡ, ವೃಥಾ ಔಷಧವೂ ಬೇಡ.

ವೈದ್ಯರನ್ನು ವಿನಯದಿಂದ ಈ ಪ್ರಶ್ನೆಗಳನ್ನು ಕೇಳಿ. ಇದು ಆಕಾರದ ಚಿತ್ರವೋ, ಕಾರ್ಯದ ಚಿತ್ರವೋ? ಔಷಧವಿಲ್ಲದೆ ಒಮ್ಮೆ ಪ್ರಯತ್ನಿಸಬಹುದೇ? ಯಾವ ಔಷಧ, ಎಷ್ಟು ಪ್ರಮಾಣ ಎಂಬುದು ವರದಿಯಲ್ಲಿ ದಾಖಲಾಗುತ್ತದೆಯೇ? ಉಸಿರಾಟ ಮತ್ತು ಆಮ್ಲಜನಕವನ್ನು ಗಮನಿಸಲು ಅರಿವಳಿಕೆಯಲ್ಲಿ ತರಬೇತಾದವರು ಜೊತೆಗಿರುತ್ತಾರೆಯೇ? ಏನೂ ಕಾಣದಿದ್ದರೆ ಬೇರೆ ಪರೀಕ್ಷೆಯಿಂದ ತಾಳೆ ನೋಡುತ್ತೀರಾ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ಉಪವಾಸದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಬೇಕು. ಸಾಮಾನ್ಯವಾಗಿ ಔಷಧಕ್ಕೆ ಮೊದಲು 6 ಗಂಟೆ ಆಹಾರ ಮತ್ತು ಹಸುವಿನ ಹಾಲು, 4 ಗಂಟೆ ತಾಯಿಯ ಹಾಲು, 2 ಗಂಟೆ ನೀರು ಕೊಡಬಾರದೆನ್ನುತ್ತಾರೆ. ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ. ಮಗು ಅಳುತ್ತದೆಂದು ಕನಿಕರದಿಂದ ಅಜ್ಜಿ ಮರೆಯಲ್ಲಿ ಕುಡಿಸಿದ ಅರ್ಧ ಲೋಟ ಹಾಲು ಮಂಪರಿನಲ್ಲಿ ಮೇಲೆ ಬಂದು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ತಪ್ಪಿ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿಬಿಡಿ. ಪರೀಕ್ಷೆಯನ್ನು ಮುಂದೂಡುತ್ತಾರೆ, ಅಷ್ಟೆ.

ಇನ್ನೊಂದು ಮಾತು ನಮ್ಮ ಮನೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಇಂದಿನ ಮೂರು ಟೆಸ್ಲಾ ಯಂತ್ರದ ಕಾಂತಶಕ್ತಿಯು ಭೂಮಿಯ ಕಾಂತಶಕ್ತಿಗಿಂತ 50,000 ಪಟ್ಟಿಗೂ ಮಿಗಿಲಾದುದು. ಚಿತ್ರ ತೆಗೆಯದಿರುವಾಗಲೂ ಅದು ಜಾಗೃತವಾಗಿಯೇ ಇರುತ್ತದೆ. ಆ ಕೋಣೆಯೊಳಗೆ ಯಾವ ಲೋಹವೂ ಹೋಗುವಂತಿಲ್ಲ. ಮಗುವಿನ ಉಡಿದಾರ, ಕಾಲ್ಗಡಗ, ತಾಯಿತಗಳಂತೆಯೇ ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನೂ ತೆಗೆಯಬೇಕಾಗುತ್ತದೆ; ಜೊತೆಯಲ್ಲಿ ಹೋಗುವ ತಾಯಿಯದೂ ಹಾಗೆಯೇ. ಬೆಳ್ಳಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲವೆಂಬುದು ನಿಜವಾದರೂ ಕೊಂಡಿಯಲ್ಲಿ ಉಕ್ಕಿರಬಹುದು, ಲೋಹವು ಬಿಸಿಯಾಗಬಹುದು, ಚಿತ್ರವೂ ಕೆಡಬಹುದು. ಕೊನೆಯ ಗಳಿಗೆಯಲ್ಲಿ ತಂತ್ರಜ್ಞರೊಡನೆ ವಾದಕ್ಕೆ ನಿಲ್ಲುವುದಕ್ಕಿಂತ ಮೊದಲೇ ಸಿದ್ಧರಾಗಿ ಹೋಗುವುದು ಒಳಿತು. ಶುಭ್ರವಾದ ವಸ್ತ್ರದಲ್ಲಿ ಸುತ್ತಿ ತಂದೆಯೋ ಅಜ್ಜನೋ ಹೊರಗೆ ಎದೆಗಪ್ಪಿಕೊಂಡು ಕುಳಿತಿದ್ದು, ಮಗು ಹೊರಬಂದೊಡನೆ ಮತ್ತೆ ಧರಿಸಲಿ. ಮಗುವಿನ ಕ್ಷೇಮಕ್ಕಾಗಿ ಮಾಡಿದ ಈ ಕೆಲನಿಮಿಷಗಳ ಅಗಲಿಕೆಯಲ್ಲಿ ದೋಷವನ್ನು ಹುಡುಕಬೇಕಾಗಿಲ್ಲ.

ಮೊದಲು ಹೇಳಿದ ಮನೆಗೆ ಹಿಂದಿರುಗೋಣ. ಆ ಐದು ವರ್ಷದ ಮಗುವಿಗೆ ಆಕಾರದ ಚಿತ್ರವನ್ನು ಮಂಪರಿನಲ್ಲಿ ತೆಗೆದರೆ ಬಾಧಕವಿಲ್ಲ. ನುಡಿಯ ಕೇಂದ್ರವನ್ನು ಹುಡುಕುವ ಚಿತ್ರಕ್ಕಾದರೆ ಹದಿನೈದು ದಿನ ಮನೆಯಲ್ಲಿ ಆಟದ ಅಭ್ಯಾಸ ಮಾಡಿಸಿ, ಅದಕ್ಕೆ ಪ್ರಿಯವಾದ ಕಥೆಯನ್ನು ಕೇಳಿಸುತ್ತ ಎಚ್ಚರದಲ್ಲಿಯೇ ಪ್ರಯತ್ನಿಸುವುದು ಯೋಗ್ಯ. ಸಾಧ್ಯವಾಗದಿದ್ದಲ್ಲಿ ಮಂಪರು ಅನಿವಾರ್ಯವಾದೀತು. ಆಗ ಚಿತ್ರವನ್ನು ಅದರ ಮಿತಿಯನ್ನರಿತು ಓದಬೇಕು. ಯಂತ್ರವು ಬೇಡುವುದು ನಿಶ್ಚಲತೆಯನ್ನು. ಔಷಧವು ನಿಶ್ಚಲತೆಯನ್ನು ಕೊಡುತ್ತದೆ, ಆದರೆ ಅರಿವನ್ನು ತೆಗೆದುಕೊಂಡು ಕೊಡುತ್ತದೆ. ದೇಹವು ಅಲುಗದೆಯೂ ಒಳಗೆ ಅರಿವು ಬೆಳಗುತ್ತಿರಬಹುದೆಂಬುದನ್ನು ಪೂಜೆಗೆ ಕುಳಿತ ಹಿರಿಯರಲ್ಲಿ ನಾವು ನಿತ್ಯವೂ ಕಾಣುತ್ತೇವೆ. ಅಜ್ಜಿಯ ಪ್ರಶ್ನೆ ಸರಿಯಾಗಿಯೇ ಇತ್ತು. ಅದನ್ನು ವೈದ್ಯರ ಮುಂದೆಯೂ ಕೇಳಲು ಆಕೆ ಸಂಕೋಚಪಡಬೇಕಾಗಿಲ್ಲ.